ಹಳೆಯ ಜಾವಾ, ಯೆಜ್ಡಿ, ಬುಲೆಟ್ ಇದೆಯೇ? ಮುಂದಿನ ಬ್ರೇಕ್ ಬದಲಿಸುವ ಮುನ್ನ ಇದನ್ನು ತಿಳಿದಿರಿ

ಅಜ್ಜ ಓಡಿಸಿದ ಜಾವಾ, ಅಪ್ಪ ಮದುವೆಗೆ ಮುನ್ನ ಕೊಂಡ ಯೆಜ್ಡಿ, ಮನೆಯ ಹಿತ್ತಲಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಬುಲೆಟ್. ಇಂಥ ಹಳೆಯ ಬೈಕುಗಳಿಗೆ ಮತ್ತೆ ಜೀವ ತುಂಬುವವರ ಸಂಖ್ಯೆ ಕರ್ನಾಟಕದಲ್ಲಿ ಕಡಿಮೆಯೇನಿಲ್ಲ. ಎಂಜಿನ್ ಬಿಚ್ಚಿ ಕಟ್ಟಿಸುತ್ತಾರೆ, ಟ್ಯಾಂಕ್‌ಗೆ ಹೊಸ ಬಣ್ಣ ಹೊಡೆಸುತ್ತಾರೆ, ಕ್ರೋಮ್ ಮಾಡಿಸುತ್ತಾರೆ. ಆದರೆ ಬ್ರೇಕ್ ವಿಷಯಕ್ಕೆ ಬಂದಾಗ ಮಾತ್ರ "ಆ ಕಾಲದ ಗಾಡಿಗೆ ಇಷ್ಟೇ ಬ್ರೇಕ್" ಎಂದು ಸುಮ್ಮನಾಗುವವರು ಒಂದು ಕಡೆ, ನೇರವಾಗಿ ಹೊಸ ಬೈಕಿನ ಡಿಸ್ಕ್ ತಂದು ಕೂರಿಸಿಬಿಡುವವರು ಇನ್ನೊಂದು ಕಡೆ.

ಈ ಎರಡೂ ಅಪಾಯಕಾರಿ. ಹಳೆಯ ಬೈಕಿನ ಮುಂದಿನ ಬ್ರೇಕ್ ಏಕೆ ದುರ್ಬಲ ಎನಿಸುತ್ತದೆ? ಇರುವ ಡ್ರಮ್ ಬ್ರೇಕನ್ನೇ ಸರಿಪಡಿಸುವುದು ಹೇಗೆ? ಡಿಸ್ಕ್‌ಗೆ ಬದಲಿಸುವುದಾದರೆ ಏನೆಲ್ಲ ಗಮನಿಸಬೇಕು? ಕಾನೂನು ಏನು ಹೇಳುತ್ತದೆ? ಇಲ್ಲಿದೆ ಸಂಪೂರ್ಣ ಮಾಹಿತಿ.

ಮೈಸೂರಿನ ಗಾಡಿ, ಅಂದಿನ ರಸ್ತೆ

ಕನ್ನಡಿಗರಿಗೆ ಹಳೆಯ ಬೈಕ್ ಎಂದರೆ ಮೊದಲು ನೆನಪಾಗುವುದು ಜಾವಾ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಜಾವಾ ಹೆಸರಿನಲ್ಲಿ ಹೊರಬರುತ್ತಿದ್ದ ಬೈಕುಗಳು 1970ರ ದಶಕದಲ್ಲಿ ಯೆಜ್ಡಿ ಆದವು. ಆ ದಶಕದ ಕೊನೆಯಲ್ಲಿ ಬಂದ ರೋಡ್‌ಕಿಂಗ್ 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ತಯಾರಾಯಿತು.

ಈ ಬೈಕುಗಳ ಮುಂದೆ ಇದ್ದದ್ದು ಆರು ಇಂಚಿನ ಆಸುಪಾಸಿನ ವ್ಯಾಸದ, ಕೇಬಲ್‌ನಿಂದ ಎಳೆಯುವ ಡ್ರಮ್ ಬ್ರೇಕ್. ಅಂದಿನ ಮೈಸೂರು–ಬೆಂಗಳೂರು ರಸ್ತೆಗೆ ಅದು ಸಾಕಿತ್ತು. ಎದುರಿಗೆ ಬರುವ ಬಸ್ಸು, ಲಾರಿ, ಅಂಬಾಸಿಡರ್ ಕಾರುಗಳ ಬ್ರೇಕ್ ಕೂಡ ಅದೇ ಕಾಲದ್ದಾಗಿತ್ತು. ಎಲ್ಲರೂ ನಿಧಾನವಾಗಿ ನಿಲ್ಲುತ್ತಿದ್ದರು, ಹಾಗಾಗಿ ಯಾರಿಗೂ ತೊಂದರೆ ಇರಲಿಲ್ಲ.

ಈಗ ಹಾಗಿಲ್ಲ. 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ ಮಾಡುವ ನಿಯಮ 2018ರ ಏಪ್ರಿಲ್ 1ರಂದು ಹೊಸ ಮಾದರಿಗಳಿಗೆ, 2019ರ ಏಪ್ರಿಲ್ 1ರಂದು ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೂ ಜಾರಿಯಾಯಿತು. 2018ರ ನವೆಂಬರ್‌ನಲ್ಲಿ ಮರಳಿ ಬಂದ ಹೊಸ ಜಾವಾದ ಮುಂದೆ 280 ಮಿ.ಮೀ. ಡಿಸ್ಕ್ ಇದೆ. 2022ರ ಜನವರಿಯಲ್ಲಿ ಬಂದ ಹೊಸ ಯೆಜ್ಡಿ ಬೈಕುಗಳಿಗೆ 320 ಮಿ.ಮೀ. ಡಿಸ್ಕ್ ಮತ್ತು ಎರಡೂ ಚಕ್ರಕ್ಕೆ ಎಬಿಎಸ್ ಕೊಡಲಾಯಿತು. ಹೆಸರು ಅದೇ ಆದರೂ ನಿಲ್ಲುವ ಶಕ್ತಿಯಲ್ಲಿ ಎರಡು ತಲೆಮಾರಿನ ಅಂತರವಿದೆ.

15 ಮೀಟರ್ ಲೆಕ್ಕಾಚಾರ

ಈ ಅಂತರ ಎಷ್ಟು ದೊಡ್ಡದು ಎಂಬುದನ್ನು ಸರಳ ಲೆಕ್ಕದಲ್ಲಿ ನೋಡೋಣ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಒಣ ರಸ್ತೆಯಲ್ಲಿ ಒಳ್ಳೆಯ ಡಿಸ್ಕ್ ಬ್ರೇಕ್ ಇರುವ ಬೈಕು ಪ್ರತಿ ಸೆಕೆಂಡಿಗೆ 7 ಮೀಟರ್‌ನಷ್ಟು ವೇಗ ತಗ್ಗಿಸುತ್ತದೆ ಎಂದಿಟ್ಟುಕೊಳ್ಳಿ. ಅದು ನಿಲ್ಲಲು ಸುಮಾರು 20 ಮೀಟರ್ ಸಾಕು. ಸವೆದ ಶೂ, ಸಡಿಲ ಕೇಬಲ್ ಇರುವ ಹಳೆಯ ಗಾಡಿ ಸೆಕೆಂಡಿಗೆ 4 ಮೀಟರ್‌ನಷ್ಟು ಮಾತ್ರ ತಗ್ಗಿಸಿದರೆ ಅದಕ್ಕೆ ಬೇಕಾಗುವುದು ಸುಮಾರು 35 ಮೀಟರ್.

15 ಮೀಟರ್ ವ್ಯತ್ಯಾಸ ಎಂದರೆ ಒಂದು ಬಸ್ಸಿನ ಉದ್ದಕ್ಕಿಂತ ಹೆಚ್ಚು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಎರಡೂ ಬೈಕುಗಳು ಒಂದೇ ಜಾಗದಲ್ಲಿ ಬ್ರೇಕ್ ಹಿಡಿದರೆ ಹೊಸ ಬೈಕು ಪೂರ್ತಿ ನಿಂತ ಜಾಗವನ್ನು ಹಳೆಯ ಬೈಕು ಗಂಟೆಗೆ ಸುಮಾರು 39 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ಮುಂದೆ ಹೋಗುತ್ತಿದ್ದ ಕಾರು ದಿಢೀರ್ ನಿಂತರೆ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇದರಲ್ಲಿ ಸವಾರ ಎಚ್ಚೆತ್ತು ಲಿವರ್ ಹಿಡಿಯುವ ಸಮಯವನ್ನು ಸೇರಿಸಿಲ್ಲ. ಅದಕ್ಕೆ ಒಂದು ಸೆಕೆಂಡ್ ಹಿಡಿದರೂ ಇಬ್ಬರಿಗೂ ಇನ್ನೂ 16–17 ಮೀಟರ್ ಸೇರುತ್ತದೆ.

ಮುಂದಿನ ಬ್ರೇಕ್ ಏಕೆ ಮುಖ್ಯ?

ಮುಂದಿನ ಬ್ರೇಕ್ ಹಿಡಿದರೆ ಗಾಡಿ ಮುಗ್ಗರಿಸುತ್ತದೆ, ಹಿಂದಿನದನ್ನು ಮಾತ್ರ ಬಳಸಿ ಎಂದು ಹಳಬರು ಹೇಳುವುದುಂಟು. ಇದು ತಪ್ಪು ಕಲ್ಪನೆ. ಬ್ರೇಕ್ ಹಿಡಿದಾಗ ಗಾಡಿಯ ಮತ್ತು ಸವಾರನ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಬ್ರೇಕ್ ಬಿಗಿದರೆ ಅದು ಲಾಕ್ ಆಗಿ ಜಾರುತ್ತದೆ. ಹಾಗಾಗಿ ಗಟ್ಟಿಯಾಗಿ ಬ್ರೇಕ್ ಹಿಡಿಯುವಾಗ ಗಾಡಿ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕ್‌ನದ್ದೇ.

ಜಾವಾ, ಯೆಜ್ಡಿಯಂಥ ಟೂ-ಸ್ಟ್ರೋಕ್ ಬೈಕುಗಳಿಗೆ ಇನ್ನೊಂದು ಸಮಸ್ಯೆಯಿದೆ. ಫೋರ್-ಸ್ಟ್ರೋಕ್ ಬುಲೆಟ್‌ನಲ್ಲಿ ಆ್ಯಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಈ ಹಿಡಿತ ತೀರಾ ಕಡಿಮೆ. ಅಷ್ಟೇ ಅಲ್ಲ, ಈ ಎಂಜಿನ್‌ಗಳಿಗೆ ಆಯಿಲ್ ಹೋಗುವುದೇ ಪೆಟ್ರೋಲ್ ಜೊತೆ ಬೆರೆತು. ಆ್ಯಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದದ ಇಳಿಜಾರು ಇಳಿದರೆ ಪೆಟ್ರೋಲ್ ಕಡಿಮೆಯಾದಂತೆ ಎಂಜಿನ್‌ಗೆ ಆಯಿಲ್ ಕೂಡ ಕಡಿಮೆಯಾಗುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ.

ಆಗುಂಬೆ, ಚಾರ್ಮಾಡಿ ಘಾಟಿ ಇಳಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಬೈಕಿನಲ್ಲೇ ಉತ್ತರ ಭಾರತದ ಕಡೆ ಹೊರಟವರು ಮುಂಬೈ–ಆಗ್ರಾ ಹೆದ್ದಾರಿಯಲ್ಲಿ ನಾಶಿಕ್ ದಾಟಿ ಚಾಂದವಡ್ ಬಳಿಯ ರಾಹುಡ್ ಘಾಟ್ ಇಳಿಯಬೇಕು. ಅಲ್ಲಿ ಹಿಂದೆಮುಂದೆ ಭಾರಿ ಲಾರಿಗಳ ಸಾಲು. ಬ್ರೇಕನ್ನು ಮತ್ತೆ ಮತ್ತೆ ಹಿಡಿದಾಗ ಡ್ರಮ್ ಕಾದು ಹಿಗ್ಗುತ್ತದೆ, ಅಂದರೆ ಶೂಗಳಿಂದ ದೂರ ಸರಿಯುತ್ತದೆ. ಕಾದ ಲೈನಿಂಗ್‌ನ ಹಿಡಿತವೂ ಕುಸಿಯುತ್ತದೆ. ಲಿವರ್ ಹಿಡಿಕೆಯ ಹತ್ತಿರಕ್ಕೆ ಬರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಮೆಕಾನಿಕ್‌ಗಳು ಬ್ರೇಕ್ ಫೇಡ್ ಎನ್ನುವುದು ಇದನ್ನೇ.

ಡ್ರಮ್ ಬ್ರೇಕ್ ಕೆಲಸ ಮಾಡುವುದು ಹೀಗೆ

ಚಕ್ರದ ಹಬ್‌ನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಲಿವರ್ ಹಿಡಿದಾಗ ಕೇಬಲ್ ಒಂದು ತೋಳನ್ನು ಎಳೆಯುತ್ತದೆ. ಆ ತೋಳು ಕ್ಯಾಮ್ ಅನ್ನು ತಿರುಗಿಸುತ್ತದೆ. ಕ್ಯಾಮ್ ಶೂಗಳನ್ನು ಅಗಲಿಸಿ ತಿರುಗುತ್ತಿರುವ ಡ್ರಮ್‌ಗೆ ಒತ್ತುತ್ತದೆ.

ಒಂದೇ ಕ್ಯಾಮ್ ಇರುವ ಬ್ರೇಕ್‌ನಲ್ಲಿ ಎರಡು ಶೂಗಳ ಕೆಲಸ ಸಮನಾಗಿರುವುದಿಲ್ಲ. ಒಂದು ಶೂವನ್ನು ಡ್ರಮ್‌ನ ತಿರುಗುವಿಕೆಯೇ ತನ್ನತ್ತ ಇನ್ನಷ್ಟು ಎಳೆದುಕೊಳ್ಳುತ್ತದೆ. ಇದು ಲೀಡಿಂಗ್ ಶೂ. ಇನ್ನೊಂದನ್ನು ಡ್ರಮ್ ದೂರ ತಳ್ಳುತ್ತದೆ. ಹೆಚ್ಚಿನ ಕೆಲಸ ಮಾಡುವುದು ಲೀಡಿಂಗ್ ಶೂ ಒಂದೇ.

ಎರಡೂ ಶೂಗಳು ಲೀಡಿಂಗ್ ಆಗುವಂತೆ ಎರಡು ಕ್ಯಾಮ್ ಕೊಟ್ಟು, ಅವನ್ನು ಒಂದು ಕಡ್ಡಿಯಿಂದ ಜೋಡಿಸಿದರೆ ಅದು ಟ್ವಿನ್ ಲೀಡಿಂಗ್ ಬ್ರೇಕ್. 1980ರ ದಶಕದಲ್ಲಿ ಎಸ್ಕಾರ್ಟ್ಸ್ ತಯಾರಿಸಿದ ರಾಜ್‌ದೂತ್ 350ರಲ್ಲಿ ಇದೇ ಬಗೆಯ 7 ಇಂಚಿನ ಡ್ರಮ್ ಇತ್ತು. ವಿಶೇಷವೆಂದರೆ, ಅದರ ಮೂಲವಾದ ಜಪಾನಿನ ಯಮಹಾ ಆರ್‌ಡಿ 350ಗೆ ಮುಂದೆ ಡಿಸ್ಕ್ ಇತ್ತು. ಭಾರತದಲ್ಲಿ ಬೆಲೆ ತಗ್ಗಿಸಲು ಡ್ರಮ್ ಕೊಡಲಾಯಿತು. ಅಷ್ಟು ವೇಗದ ಬೈಕಿಗೆ ಈ ಬ್ರೇಕ್ ಸಾಲದು ಎಂಬ ದೂರು ಆ ಕಾಲದಿಂದ ಇಂದಿನವರೆಗೂ ಇದೆ.

ಹಂತ 1: ಮೊದಲು ಇರುವ ಬ್ರೇಕ್ ಸರಿಪಡಿಸಿ

ನಿಮ್ಮ ಗಾಡಿಯ ಬ್ರೇಕ್ ಹುಟ್ಟಿನಿಂದಲೇ ದುರ್ಬಲ ಎಂದು ತೀರ್ಮಾನಿಸುವ ಮುನ್ನ ಅದು ಮೂಲದಲ್ಲಿ ಇದ್ದ ಸ್ಥಿತಿಗೆ ಬರಲಿ. ಮೂವತ್ತು ನಲವತ್ತು ವರ್ಷ ಸವೆದ ಬ್ರೇಕನ್ನು ನೋಡಿ ಅದರ ವಿನ್ಯಾಸವನ್ನು ಅಳೆಯುವುದು ಸರಿಯಲ್ಲ. ಗಮನಿಸಬೇಕಾದ ಅಂಶಗಳು ಇವು:

ಧೂಳಿನ ಬಗ್ಗೆ ಎಚ್ಚರ: ಹಳೆಯ ಬ್ರೇಕ್ ಶೂಗಳ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್, ಅಂದರೆ ಕಲ್ನಾರು ಇರುವ ಸಾಧ್ಯತೆ ಇದೆ. ಇದರ ಧೂಳು ಶ್ವಾಸಕೋಶಕ್ಕೆ ಅತ್ಯಂತ ಅಪಾಯಕಾರಿ. ಡ್ರಮ್ ಬಿಚ್ಚಿದ ಕೂಡಲೇ ಬಾಯಿಂದ ಊದುವುದು, ಏರ್ ಹೊಡೆಯುವುದು ಬೇಡ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಕೇಬಲ್: ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು. ಹಳೆಯ ಕೇಬಲ್‌ನ ಹೊರಕವಚ ಒತ್ತಡಕ್ಕೆ ಕುಗ್ಗುತ್ತದೆ. ನಿಮ್ಮ ಕೈಯ ಬಲದ ಒಂದು ಭಾಗ ಅಲ್ಲೇ ಕಳೆದುಹೋಗುತ್ತದೆ. ದಪ್ಪ ಒಳತಂತಿ, ಗಟ್ಟಿ ಹೊರಕವಚದ ಒಳ್ಳೆಯ ಕೇಬಲ್ ಹಾಕಿಸಿ. ಅದು ಎಲ್ಲೂ ಗಟ್ಟಿಯಾಗಿ ಮಡಚದಂತೆ ಹಾಯಿಸಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಕೇಬಲ್ ಬಿಗಿಯಾಗಬಾರದು.

ಲಿವರ್ ಮತ್ತು ಕ್ಯಾಮ್: ಲಿವರ್‌ನ ಬೋಲ್ಟ್ ತೂತು ಸವೆದು ಅಗಲವಾಗಿದ್ದರೆ ಬದಲಿಸಿ. ಕ್ಯಾಮ್ ಶಾಫ್ಟ್ ತುಕ್ಕು ಹಿಡಿದು ಬಿಗಿಯಾಗಿದ್ದರೆ ಬಿಚ್ಚಿ ಸ್ವಚ್ಛಗೊಳಿಸಿ, ಶಾಖ ತಡೆಯುವ ಗ್ರೀಸ್ ಅನ್ನು ತೆಳುವಾಗಿ ಸವರಿ. ಗ್ರೀಸ್ ಹೆಚ್ಚಾದರೆ ಕರಗಿ ಲೈನಿಂಗ್‌ಗೆ ಇಳಿಯುತ್ತದೆ.

ತೋಳಿನ ಕೋನ: ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ ಮತ್ತು ಕ್ಯಾಮ್ ತೋಳಿನ ನಡುವೆ ಸುಮಾರು 90 ಡಿಗ್ರಿ ಕೋನ ಇರಬೇಕು. ಆಗಲೇ ಗರಿಷ್ಠ ಬಲ ಸಿಗುವುದು. ಶೂ ಸವೆದಾಗ ಹೊಸದು ಹಾಕುವ ಬದಲು ತೋಳನ್ನು ಒಂದು ಹಲ್ಲು ಮುಂದಕ್ಕೆ ಕೂರಿಸಿ ಕೊಡುವ ಅಭ್ಯಾಸ ಕೆಲವು ಗ್ಯಾರೇಜ್‌ಗಳಲ್ಲಿದೆ. ಇದು ಸವೆತವನ್ನು ಮುಚ್ಚಿಡುತ್ತದೆ. ಶೂ ತೀರಾ ಸವೆದಿದ್ದಾಗ ಕ್ಯಾಮ್ ಅತಿಯಾಗಿ ತಿರುಗಿ ಸಿಕ್ಕಿಕೊಂಡು ಚಕ್ರವೇ ಲಾಕ್ ಆಗುವ ಅಪಾಯವೂ ಇದೆ.

ಡ್ರಮ್: ಲಿವರ್ ಹಿಡಿದಾಗ ಕೈಗೆ ತಟತಟನೆ ಬಡಿದಂತಾದರೆ ಡ್ರಮ್ ದುಂಡಗಿಲ್ಲ ಎಂದರ್ಥ. ಲೇತ್‌ನಲ್ಲಿ ತೆಳುವಾಗಿ ಕೆತ್ತಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಕಡ್ಡಿಗಳನ್ನು ಬಿಗಿದಾಗ ಅವು ಹಬ್ ಅನ್ನು ಎಳೆದು ಅದರ ಆಕಾರವನ್ನು ಕೂದಲೆಳೆಯಷ್ಟು ಬದಲಿಸುತ್ತವೆ. ಹಾಗಾಗಿ ರಿಮ್ ಕಟ್ಟಿ, ಕಡ್ಡಿ ಬಿಗಿದು, ಚಕ್ರ ನೇರ ಮಾಡಿಸಿದ ಮೇಲೆಯೇ ಡ್ರಮ್ ಕೆತ್ತಿಸುವುದು ಸರಿಯಾದ ಕ್ರಮ. ಕೆತ್ತಿಸಿದಷ್ಟೂ ಡ್ರಮ್ ತೆಳುವಾಗುತ್ತದೆ ಎಂಬುದೂ ನೆನಪಿರಲಿ.

ಶೂ ಮತ್ತು ಲೈನಿಂಗ್: ಅಂಗಡಿಯಿಂದ ತಂದ ಹೊಸ ಶೂ ಹಳೆಯ ಡ್ರಮ್‌ಗೆ ಪೂರ್ತಿ ಕೂರುವುದು ಅಪರೂಪ. ಡ್ರಮ್ ಒಳಗೆ ಸೀಮೆಸುಣ್ಣ ಸವರಿ, ಚಕ್ರ ಕೂರಿಸಿ, ತಿರುಗಿಸಿ ಲಘುವಾಗಿ ಬ್ರೇಕ್ ಹಿಡಿದು ಬಿಚ್ಚಿ ನೋಡಿ. ಸುಣ್ಣ ಹತ್ತಿದ ಜಾಗ ಮಾತ್ರ ಕೆಲಸ ಮಾಡುತ್ತಿದೆ. ಶೂಗಳ ನಡುವೆ ಅಥವಾ ತುದಿಯಲ್ಲಿ ಮಾತ್ರ ಗುರುತು ಬಿದ್ದರೆ ಬ್ರೇಕ್‌ನ ಸಾಮರ್ಥ್ಯ ಅಷ್ಟರಮಟ್ಟಿಗೆ ಕಡಿಮೆ. ಪರಿಹಾರ ಎಂದರೆ ಸ್ವಲ್ಪ ದಪ್ಪ ಲೈನಿಂಗ್ ಅಂಟಿಸಿ, ಶೂಗಳನ್ನು ಅವುಗಳ ಪ್ಲೇಟ್‌ಗೇ ಜೋಡಿಸಿ, ಲೇತ್‌ನಲ್ಲಿ ಡ್ರಮ್‌ನ ಅಳತೆಗೆ ತಕ್ಕಂತೆ ಕೆತ್ತಿಸುವುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ವಿಚಾರಿಸಿದರೆ ಹಳೆಯ ಶೂಗಳಿಗೆ ಲೈನಿಂಗ್ ಅಂಟಿಸುವವರ ದಾರಿ ಸಿಗುತ್ತದೆ. ಲೈನಿಂಗ್ ಮೇಲೆ ಆಯಿಲ್ ಅಥವಾ ಗ್ರೀಸ್ ಇಳಿದಿದ್ದರೆ ತೊಳೆದು ಬಳಸುವ ಯೋಚನೆ ಬೇಡ. ಬೇರಿಂಗ್ ಸೀಲ್ ಬದಲಿಸಿ, ಹೊಸ ಲೈನಿಂಗ್ ಹಾಕಿಸಿ.

ಪ್ಲೇಟ್ ನಡುವೆ ಕೂರಿಸುವುದು: ಚಕ್ರ ಜೋಡಿಸುವಾಗ ಆ್ಯಕ್ಸಲ್ ನಟ್ ಸಡಿಲವಾಗಿರುವಾಗಲೇ ಚಕ್ರ ತಿರುಗಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿದು, ಹಿಡಿದಂತೆಯೇ ನಟ್ ಬಿಗಿಯಿರಿ. ಶೂಗಳು ಡ್ರಮ್‌ನ ನಡುವೆ ಸರಿಯಾಗಿ ಕೂರುತ್ತವೆ. ಒಂದು ರೂಪಾಯಿ ಖರ್ಚಿಲ್ಲದ ಈ ಕೆಲಸದಿಂದ ಲಿವರ್ ಎಷ್ಟೋ ಗಟ್ಟಿಯಾಗುತ್ತದೆ.

ಪ್ಲೇಟ್ ತಡೆ: ಬ್ರೇಕ್ ಹಿಡಿದಾಗ ಶೂ ಪ್ಲೇಟ್ ಚಕ್ರದ ಜೊತೆ ತಿರುಗದಂತೆ ತಡೆಯಲು ಫೋರ್ಕ್‌ನಲ್ಲಿ ಒಂದು ಗೂಟ ಅಥವಾ ಪಟ್ಟಿ ಇರುತ್ತದೆ. ಇದು ಸರಿಯಾಗಿ ಕೂತಿರದಿದ್ದರೆ ಪ್ಲೇಟ್ ತಿರುಗಿ, ಕೇಬಲ್ ಸುತ್ತಿಕೊಂಡು, ಮುಂದಿನ ಚಕ್ರ ಒಮ್ಮೆಲೇ ನಿಂತುಬಿಡುತ್ತದೆ. ಚಕ್ರ ಬಿಚ್ಚಿ ಹಾಕಿದ ಪ್ರತಿ ಸಲವೂ ಇದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಈ ಎಲ್ಲ ಕೆಲಸ ಮುಗಿಸಿದ ಮೇಲೆ ಗಾಡಿ ಓಡಿಸಿ ನೋಡಿ. ದಿನಕ್ಕೆ ಹತ್ತಾರು ಕಿ.ಮೀ., ಗಂಟೆಗೆ 50–60 ಕಿ.ಮೀ. ವೇಗದಲ್ಲಿ ಓಡಿಸುವವರಿಗೆ ಇಷ್ಟೇ ಸಾಕಾಗಬಹುದು.

ಹಂತ 2: ಡ್ರಮ್‌ನಲ್ಲೇ ಮೇಲ್ದರ್ಜೆ

ಇನ್ನೂ ಬಲ ಬೇಕೆನಿಸಿದರೆ ಎರಡು ದಾರಿಗಳಿವೆ. ಮೊದಲನೆಯದು ಹೆಚ್ಚು ಹಿಡಿತದ ಲೈನಿಂಗ್. ಸಾಮಾನ್ಯ ಗಟ್ಟಿ ಲೈನಿಂಗ್ ಹೆಚ್ಚು ಕಾಲ ಬಾಳುತ್ತದೆ, ಆದರೆ ಹಿಡಿತ ಕಡಿಮೆ. ಮೆದು ಲೈನಿಂಗ್ ಬೇಗ ಸವೆಯುತ್ತದೆ, ಆದರೆ ಚೆನ್ನಾಗಿ ಹಿಡಿಯುತ್ತದೆ. ವರ್ಷಕ್ಕೆ ಕೆಲವೇ ಸಾವಿರ ಕಿ.ಮೀ. ಓಡುವ ಹಳೆಯ ಬೈಕಿಗೆ ಬಾಳಿಕೆಗಿಂತ ಹಿಡಿತ ಮುಖ್ಯ.

ಎರಡನೆಯದು ಟ್ವಿನ್ ಲೀಡಿಂಗ್ ಪ್ಲೇಟ್. ನಿಮ್ಮ ಹಬ್‌ನ ಅಳತೆಗೆ ಹೊಂದುವ ಎರಡು ಕ್ಯಾಮ್‌ಗಳ ಪ್ಲೇಟ್ ಸಿಕ್ಕರೆ ಚಕ್ರ, ಫೋರ್ಕ್ ಬದಲಿಸದೆ ಬ್ರೇಕ್ ಬಲ ಹೆಚ್ಚುತ್ತದೆ. ಗಾಡಿಯ ಹಳೆಯ ನೋಟವೂ ಉಳಿಯುತ್ತದೆ. ಆದರೆ ಎರಡು ಕ್ಯಾಮ್‌ಗಳನ್ನು ಜೋಡಿಸುವ ಕಡ್ಡಿಯ ಉದ್ದವನ್ನು ಎರಡೂ ಶೂಗಳು ಒಂದೇ ಕ್ಷಣದಲ್ಲಿ ಡ್ರಮ್ ಮುಟ್ಟುವಂತೆ ಹೊಂದಿಸಬೇಕು. ಇಲ್ಲವಾದರೆ ಒಂದೇ ಶೂ ಕೆಲಸ ಮಾಡುತ್ತದೆ, ಮಾಡಿದ ಖರ್ಚು ವ್ಯರ್ಥ. ಇನ್ನೊಂದು ಮಾತು: ಈ ಬ್ರೇಕ್ ಹಿಂದಕ್ಕೆ ಉರುಳುವ ಗಾಡಿಯನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಏರಿನಲ್ಲಿ ನಿಲ್ಲಿಸಿದಾಗ ಹಿಂದಿನ ಬ್ರೇಕ್ ಬಳಸಿ.

ಕೆಲವರು ಕ್ಯಾಮ್ ತೋಳನ್ನು ಉದ್ದ ಮಾಡಿಸುತ್ತಾರೆ. ಇದರಿಂದ ಬಲ ಹೆಚ್ಚುತ್ತದೆ ನಿಜ. ಆದರೆ ಲಿವರ್ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಶೂ ಸ್ವಲ್ಪ ಸವೆದರೂ ಲಿವರ್ ಹಿಡಿಕೆಗೆ ತಾಗುತ್ತದೆ. ಹಾಗಾಗಿ ಕೇಬಲ್, ಶೂ ಎಲ್ಲವೂ ಅಚ್ಚುಕಟ್ಟಾಗಿದ್ದರೆ ಮಾತ್ರ ಇದು ಪ್ರಯೋಜನಕಾರಿ.

ಹಂತ 3: ಡಿಸ್ಕ್ ಹಾಕಿಸುವುದಾದರೆ

ಡಿಸ್ಕ್ ಬ್ರೇಕ್‌ನ ಲಾಭ ಸ್ಪಷ್ಟ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣ್ಣಗಾಗುತ್ತದೆ, ಮಳೆ ನೀರು ಒಳಗೆ ನಿಲ್ಲುವುದಿಲ್ಲ, ಕೇಬಲ್ ಹಿಗ್ಗುವ ಪ್ರಶ್ನೆಯಿಲ್ಲ. ಆದರೆ ಡಿಸ್ಕ್ ಒಂದು ಬಿಡಿಭಾಗವಲ್ಲ, ಇಡೀ ವ್ಯವಸ್ಥೆ. ಫೋರ್ಕ್, ಹಬ್, ಕಡ್ಡಿ, ಟೈರ್ ಎಲ್ಲವೂ ಆ ಬಲವನ್ನು ತಡೆಯಬೇಕು.

ಫೋರ್ಕ್: ಬ್ರೇಕ್ ಹಿಡಿದಾಗ ಕ್ಯಾಲಿಪರ್ ಮೇಲಿನ ಪೂರ್ತಿ ಬಲ ಫೋರ್ಕ್‌ನ ಒಂದೇ ಕಾಲಿಗೆ ಹೋಗುತ್ತದೆ. ಡ್ರಮ್‌ಗೆಂದು ಮಾಡಿದ ತೆಳು ಫೋರ್ಕ್ ತಿರುಚಿಕೊಂಡು ಹ್ಯಾಂಡಲ್ ಒಂದು ಕಡೆಗೆ ಎಳೆಯಬಹುದು. ಹಳೆಯ ಫೋರ್ಕ್ ಕಾಲಿಗೆ ಕ್ಯಾಲಿಪರ್ ಬ್ರಾಕೆಟ್ ವೆಲ್ಡ್ ಮಾಡಿಸುವುದಂತೂ ಜೀವದ ಜೊತೆ ಆಟ. ವೆಲ್ಡಿಂಗ್ ಶಾಖಕ್ಕೆ ಲೋಹ ದುರ್ಬಲವಾಗುತ್ತದೆ. ಬಿರುಕು ಹೊರಗೆ ಕಾಣದೆ ಒಳಗೇ ಬೆಳೆಯುತ್ತದೆ. ಕ್ಯಾಲಿಪರ್ ಕೂರಿಸಲು ಕಾರ್ಖಾನೆಯಲ್ಲೇ ಅಚ್ಚುಹಾಕಿದ ಕಿವಿಗಳಿರುವ ಫೋರ್ಕ್ ಕಾಲುಗಳನ್ನೇ ಬಳಸಬೇಕು.

ಹೊಂದುವ ಸೆಟ್: ಈ ವಿಷಯದಲ್ಲಿ ಬುಲೆಟ್ ಮಾಲೀಕರು ಅದೃಷ್ಟವಂತರು. ಅದೇ ಕಂಪನಿಯ ಎಲೆಕ್ಟ್ರಾದಂಥ ಮಾದರಿಗಳಿಗೆ ಮುಂದೆ 280 ಮಿ.ಮೀ. ಡಿಸ್ಕ್ ಬಂದಿದ್ದರಿಂದ ಫೋರ್ಕ್ ಕಾಲು, ಹಬ್, ಕ್ಯಾಲಿಪರ್ ಒಂದೇ ಸೆಟ್ ಆಗಿ ಸಿಗುತ್ತವೆ. ಆದರೂ ಫೋರ್ಕ್ ದಪ್ಪ, ಆ್ಯಕ್ಸಲ್ ಅಳತೆ ನಿಮ್ಮ ಮಾದರಿಗೆ ಹೊಂದುತ್ತದೆಯೇ ಎಂದು ಅಳೆದು ನೋಡಿಯೇ ಕೊಳ್ಳಿ. ಹಳೆಯ ಜಾವಾ, ಯೆಜ್ಡಿಗೆ ಡಿಸ್ಕ್ ಇರುವ ಮಾದರಿ ಮೈಸೂರಿನಿಂದ ಬರಲೇ ಇಲ್ಲ. ಬೇರೆ ಬೈಕಿನ ಇಡೀ ಮುಂಭಾಗ ತಂದು ಕೂರಿಸಬೇಕಾಗುತ್ತದೆ. ಆಗ ಫೋರ್ಕ್‌ನ ಉದ್ದ, ಓರೆ ಬದಲಾಗಿ ಗಾಡಿಯ ತಿರುಗುವ ಗುಣವೇ ಬದಲಾಗುತ್ತದೆ. ಹೆಸರು ಒಂದೇ ಎಂದು ಹೊಸ ಜಾವಾದ ಚಕ್ರ ಹಳೆಯ ಜಾವಾಕ್ಕೆ ನೇರವಾಗಿ ಕೂರುತ್ತದೆ ಎಂದುಕೊಳ್ಳಬೇಡಿ.

ಮಾಸ್ಟರ್ ಸಿಲಿಂಡರ್: ಒಂದು ಬೈಕಿನ ಮಾಸ್ಟರ್ ಸಿಲಿಂಡರ್, ಇನ್ನೊಂದು ಬೈಕಿನ ಕ್ಯಾಲಿಪರ್ ತಂದು ಜೋಡಿಸಿದಾಗ ಲಿವರ್ ಕಲ್ಲಿನಂತೆ ಗಟ್ಟಿಯಾಗುವುದೋ ಸ್ಪಂಜಿನಂತೆ ಮೆತ್ತಗಾಗುವುದೋ ಇದರಿಂದಲೇ. ಉದಾಹರಣೆಗೆ, 26 ಮಿ.ಮೀ. ವ್ಯಾಸದ ಎರಡು ಪಿಸ್ಟನ್‌ಗಳ ಕ್ಯಾಲಿಪರ್‌ಗೆ 13 ಮಿ.ಮೀ. ಮಾಸ್ಟರ್ ಸಿಲಿಂಡರ್ ಹಾಕಿದರೆ ಬಲ 8 ಪಟ್ಟಾಗುತ್ತದೆ. ಅದೇ ಕ್ಯಾಲಿಪರ್‌ಗೆ 11 ಮಿ.ಮೀ. ಹಾಕಿದರೆ 11 ಪಟ್ಟು ದಾಟುತ್ತದೆ, ಆದರೆ ಲಿವರ್ ಹೆಚ್ಚು ದೂರ ಚಲಿಸುತ್ತದೆ. ಸುರಕ್ಷಿತ ದಾರಿ ಎಂದರೆ ಎರಡನ್ನೂ ಒಂದೇ ಮಾದರಿಯ ಬೈಕಿನಿಂದ ತೆಗೆದುಕೊಳ್ಳುವುದು.

ಹೋಸ್ ಮತ್ತು ಬ್ರೇಕ್ ಆಯಿಲ್: ಹಳೆಯ ಹೋಸ್ ಬಳಸಬೇಡಿ. ಮಾಸ್ಟರ್ ಸಿಲಿಂಡರ್ ಮುಚ್ಚಳದ ಮೇಲೆ ಬರೆದ ದರ್ಜೆಯ ಬ್ರೇಕ್ ಆಯಿಲ್ ಮಾತ್ರ ಹಾಕಿ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕು. ಗಾಳಿಯ ತೇವ ಹೀರಿದ ಮೇಲೆ ಈ ಮಿತಿ 155 ಡಿಗ್ರಿಯವರೆಗೂ ಇಳಿಯಬಹುದು. ಕುದಿದರೆ ಒಳಗೆ ಗುಳ್ಳೆ ಎದ್ದು ಲಿವರ್ ಟೊಳ್ಳಾಗುತ್ತದೆ. ಹಾಗಾಗಿ ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಸಿಲಿಕೋನ್ ಇರುವ ಡಾಟ್ 5 ಆಯಿಲ್ ಅನ್ನು ಇದರೊಂದಿಗೆ ಬೆರೆಸಬಾರದು. ಬ್ರೇಕ್ ಆಯಿಲ್ ಚೆಲ್ಲಿದರೆ ಟ್ಯಾಂಕ್‌ನ ಬಣ್ಣವೂ ಕಿತ್ತುಬರುತ್ತದೆ.

ಚಕ್ರ ಮತ್ತು ಟೈರ್: ಬ್ರೇಕ್ ಬಲ ಹಬ್‌ನಿಂದ ರಿಮ್‌ಗೆ ಹೋಗುವುದು ಕಡ್ಡಿಗಳ ಮೂಲಕ. ಹಬ್ ಬದಲಿಸಿದರೆ ಕಡ್ಡಿ ಹೊಸದಾಗಿರಲಿ, ಅನುಭವಿಗಳಿಂದಲೇ ಕಟ್ಟಿಸಿ. ರಿಮ್ ಫೋರ್ಕ್‌ನ ನಡುಮಧ್ಯದಲ್ಲಿ ಇರಬೇಕು. ಕೊನೆಗೆ ಗಾಡಿಯನ್ನು ನಿಲ್ಲಿಸುವುದು ಟೈರ್. ಅದರ ಪಕ್ಕದ ಮೇಲಿರುವ ನಾಲ್ಕು ಅಂಕಿಗಳನ್ನು ನೋಡಿ. 1521 ಎಂದಿದ್ದರೆ ಅದು 2021ರ 15ನೇ ವಾರ ತಯಾರಾದ ಟೈರ್. ಗುಂಡಿಗಳು ಚೆನ್ನಾಗಿಯೇ ಕಂಡರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಅಂಥ ಟೈರ್‌ಗೆ ಡಿಸ್ಕ್ ಕೂರಿಸಿದರೆ ಚಕ್ರ ಲಾಕ್ ಆಗಿ ಬೀಳುವುದು ಇನ್ನಷ್ಟು ಸುಲಭವಾಗುತ್ತದೆ. ನೆನಪಿಡಿ, ಹೊಸ ಬೈಕುಗಳಂತೆ ಇಲ್ಲಿ ಎಬಿಎಸ್ ಕಾವಲು ಇರುವುದಿಲ್ಲ.

ಮುಂದಿನ ಹಬ್‌ನಿಂದ ಸ್ಪೀಡೋಮೀಟರ್ ಕೇಬಲ್ ಹೊರಡುವ ಗಾಡಿಯಾದರೆ ಅದಕ್ಕೂ ವ್ಯವಸ್ಥೆ ಮಾಡಬೇಕು. ಮುಂದಿನ ಲಿವರ್ ಹಿಡಿದಾಗ ಹಿಂದಿನ ಬ್ರೇಕ್ ದೀಪ ಹತ್ತುವಂತೆ ಸ್ವಿಚ್ ಕೊಡಿಸುವುದು ಒಳ್ಳೆಯದು. ನೀವು ಬೇಗ ನಿಲ್ಲುತ್ತೀರಿ ಎಂದಾದರೆ ಹಿಂದಿನವರಿಗೂ ಅದು ಗೊತ್ತಾಗಬೇಕಲ್ಲವೇ?

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನಿಯಮವನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಶೂ, ಲೈನಿಂಗ್, ಕೇಬಲ್ ಬದಲಿಸುವುದು ದುರಸ್ತಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಬೇರೆ ಬೈಕಿನ ಫೋರ್ಕ್, ಚಕ್ರ, ಡಿಸ್ಕ್ ಹಾಕಿಸುವುದು ಬೇರೆಯೇ ಮಾತು. ಕೆಲಸ ಆರಂಭಿಸುವ ಮುನ್ನವೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಅಪಘಾತವಾದಾಗ ತಿಳಿಸದೇ ಇದ್ದ ಮಾರ್ಪಾಡು ಪರಿಹಾರಕ್ಕೆ ಅಡ್ಡಿಯಾಗಬಹುದು.

50 ವರ್ಷ ದಾಟಿದ ಗಾಡಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ, ಮರುನೋಂದಣಿಗೆ 5,000 ರೂ. ಇಂಥ ವಾಹನವನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಮತ್ತು ನಿರ್ವಹಣೆಯಂಥ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಅಂದರೆ 1970ರ ದಶಕದ ಆರಂಭದವರೆಗಿನ ಜಾವಾಗಳು ಈಗಾಗಲೇ ಈ ವಯಸ್ಸು ತಲುಪಿವೆ. ಇಂದು ಮುಂಭಾಗ ಕತ್ತರಿಸಿ ಡಿಸ್ಕ್ ಹಾಕಿಸಿದವರು ಮುಂದೆ ಆ ಗೌರವಕ್ಕೆ ಅರ್ಜಿ ಹಾಕುವಾಗ ಪಶ್ಚಾತ್ತಾಪ ಪಡಬೇಕಾದೀತು.

ಆದ್ದರಿಂದ ಏನೇ ಬದಲಿಸಿದರೂ ಫ್ರೇಮ್‌ಗೆ ಗರಗಸ, ವೆಲ್ಡಿಂಗ್ ತಾಗಿಸಬೇಡಿ. ಬಿಚ್ಚಿದ ಹಳೆಯ ಹಬ್, ಪ್ಲೇಟ್, ಫೋರ್ಕ್‌ಗೆ ಆಯಿಲ್ ಸವರಿ, ಕಟ್ಟಿ, ಜೋಪಾನವಾಗಿ ಎತ್ತಿಡಿ. ಒಂದು ದಿನ ಮೂಲ ರೂಪಕ್ಕೆ ಮರಳಿಸಬೇಕೆನಿಸಿದರೆ ಸ್ಪ್ಯಾನರ್ ಸಾಕಾಗುವಂತಿರಬೇಕು.

ಹೊಸ ಬ್ರೇಕ್ ಹಾಕಿದ ಮೇಲೆ

ಹೊಸ ಶೂ ಅಥವಾ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಮೊದಲು ಖಾಲಿ ರಸ್ತೆಯಲ್ಲಿ ತೀರಾ ನಿಧಾನವಾಗಿ ಪರೀಕ್ಷಿಸಿ. ನಂತರ ಗಂಟೆಗೆ 40–50 ಕಿ.ಮೀ. ವೇಗದಿಂದ 10 ಕಿ.ಮೀ.ಗೆ ಹಲವು ಬಾರಿ ಹದವಾಗಿ ಇಳಿಸಿ, ನಡುವೆ ತಣ್ಣಗಾಗಲು ಬಿಡಿ. ಮೊದಲ 100–200 ಕಿ.ಮೀ. ಮುಂದಿನ ವಾಹನದಿಂದ ಹೆಚ್ಚು ಅಂತರ ಕಾಯ್ದುಕೊಳ್ಳಿ. ಆಮೇಲೆ ಡ್ರಮ್ ಬ್ರೇಕ್‌ನ ಕೇಬಲ್ ಮತ್ತೊಮ್ಮೆ ಹೊಂದಿಸಿ, ಎಲ್ಲ ನಟ್‌ಗಳ ಬಿಗಿ ಪರೀಕ್ಷಿಸಿ. ಬ್ರೇಕ್ ಬಿಟ್ಟಾಗ ಚಕ್ರ ಸಲೀಸಾಗಿ ತಿರುಗಬೇಕು.

ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಮಳೆಯಲ್ಲಿ ಡ್ರಮ್ ಬ್ರೇಕ್ ಹಿಡಿಯುತ್ತಿಲ್ಲ, ಏನು ಮಾಡಲಿ?
ನೀರು ತುಂಬಿದ ರಸ್ತೆ ದಾಟಿದ ಕೂಡಲೇ ನಿಧಾನವಾಗಿ ಓಡಿಸುತ್ತಾ ಲಿವರ್ ಅನ್ನು ಲಘುವಾಗಿ ಹಿಡಿದು ಬಿಡುತ್ತಿರಿ. ಉಜ್ಜುವ ಶಾಖಕ್ಕೆ ಲೈನಿಂಗ್ ಒಣಗುತ್ತದೆ. ಒಣಗುವ ಹೊತ್ತಿಗೆ ಹಿಡಿತ ದಿಢೀರನೆ ಮರಳಬಹುದು, ಆದ್ದರಿಂದ ಗಟ್ಟಿಯಾಗಿ ಎಳೆಯಬೇಡಿ.

ಪ್ರಶ್ನೆ: ಘಾಟಿ ಇಳಿಯುವಾಗ ಲಿವರ್ ಮೆತ್ತಗಾಯಿತು. ಕೇಬಲ್ ಬಿಗಿ ಮಾಡಬಹುದೇ?
ಬೇಡ. ಕಾದ ಡ್ರಮ್‌ಗೆ ತಕ್ಕಂತೆ ಬಿಗಿ ಮಾಡಿದರೆ ತಣ್ಣಗಾದಾಗ ಶೂ ಹಿಡಿದುಕೊಳ್ಳುತ್ತದೆ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಡ್ರಮ್ ತಾನಾಗಿ ತಣ್ಣಗಾಗಲು ಬಿಡಿ. ನೀರು ಸುರಿಯಬೇಡಿ. ಮುಂದೆ ಕಡಿಮೆ ಗೇರ್‌ನಲ್ಲಿ, ಎರಡೂ ಬ್ರೇಕ್ ಬಳಸಿ, ಬಿಟ್ಟು ಬಿಟ್ಟು ಹಿಡಿಯುತ್ತಾ ಇಳಿಯಿರಿ.

ಪ್ರಶ್ನೆ: ಬಜೆಟ್ ಕಡಿಮೆಯಿದೆ. ಮೊದಲು ಯಾವುದನ್ನು ಮಾಡಿಸಲಿ?
ಹೊಸ ಟೈರ್, ಹೊಸ ಕೇಬಲ್, ಡ್ರಮ್ ಅಳತೆಗೆ ಕೆತ್ತಿಸಿದ ಹೊಸ ಲೈನಿಂಗ್. ಇದೇ ಕ್ರಮದಲ್ಲಿ ಮಾಡಿಸಿ. ಬಣ್ಣ, ಕ್ರೋಮ್ ಕೆಲಸ ಆಮೇಲೆ ಮಾಡಿಸಿದರಾಯಿತು.

ಪ್ರಶ್ನೆ: ಎಲ್ಲ ಮಾಡಿಸಿದರೂ ಹೊಸ ಬೈಕಿನಷ್ಟು ಬ್ರೇಕ್ ಇಲ್ಲವಲ್ಲ?
ಇರುವುದೂ ಇಲ್ಲ. ಹಾಗಾಗಿ ಮುಂದಿನ ವಾಹನದಿಂದ ಕಾಯ್ದುಕೊಳ್ಳುವ ಅಂತರವೂ ಬ್ರೇಕ್‌ನ ಒಂದು ಭಾಗವೇ ಎಂದು ತಿಳಿಯಿರಿ. ಹೊಸ ಬೈಕಿನವರು ಬಿಡುವ ಅಂತರದ ಎರಡರಷ್ಟನ್ನು ನೀವು ಬಿಡಿ.

ಮೈಸೂರಿನ ಕಾರ್ಖಾನೆ ಮುಚ್ಚಿ ಮೂರು ದಶಕಗಳೇ ಆಗುತ್ತ ಬಂದರೂ ಅಲ್ಲಿಂದ ಹೊರಬಂದ ಬೈಕುಗಳು ಇನ್ನೂ ರಸ್ತೆಯಲ್ಲಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನದಂದು ಅವು ಸಾಲುಸಾಲಾಗಿ ಹೊರಡುವುದನ್ನು ನೋಡುವುದೇ ಒಂದು ಸಂಭ್ರಮ. ನಿಮ್ಮ ಗಾಡಿಯೂ ಆ ಸಾಲಿನಲ್ಲಿ ಇರಬೇಕೆಂದರೆ ಮುಂದಿನ ಸಲ ಗ್ಯಾರೇಜ್‌ಗೆ ಹೋದಾಗ ಎಂಜಿನ್ ಸದ್ದು ಕೇಳುವ ಮುನ್ನ ಒಮ್ಮೆ ಮುಂದಿನ ಚಕ್ರ ಬಿಚ್ಚಿಸಿ ನೋಡಿ.